ಇಳಿದ ಮುಖ, ಬಿಗಿದ ಮುಖ

ನನ್ನ ಹೆಂಡತಿ ಎಲ್ಲಿಗೆ ಹೊರಟರೂ ಜೊತೆಗೊಂದು ಪ್ರಸಂಗ ಹೊರಡುತ್ತದೆ. ಈ ಅಮೆರಿಕದಲ್ಲಿ ರಿಟೈರ್ ಆದಮೇಲೆ ಡ್ರೈವರ್ ನಾನೇ ಆದ್ದರಿಂದ ಒಂದೂ ತಪ್ಪಿಸಿಕೊಂಡಿಲ್ಲ.

೧. ಇಳಿದದ್ದು

ಹೋದ ದೀಪಾವಳಿಗೆ ಶಾರ್ಲಟ್‌ನಲ್ಲಿರುವ ನಾದಿನಿಯ ಮನೆಗೆ ಹೋಗಿದ್ದಾಗ ಯಾರೋ ನನ್ನ ಹೆಂಡತಿಯನ್ನು, "ಮಗಳ ಮನೆಗೆ ಬಂದಿದ್ದೀರಾ?" ಎಂದು ಕೇಳಿಬಿಟ್ಟರು. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಗೆ ಅಕ್ಕತಂಗಿಯರ ಫೋನು ಬಂದ್. ಈಗ ಅವಳ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆ ಬಂತು. ಇವಳು, "ಹೋದರೆ ಅಕ್ಕನ ಹಾಗೆ ಹೋಗ್ತೀನಿ, ಅಮ್ಮನ ಹಾಗಲ್ಲ" ಎಂದಳು.

ಸರಿ, ನಮ್ಮೂರು ಆಶ್‌ಬರ್ನ್‌ನಿಂದ ರೆಸ್ಟನ್‌ಗೆ, ಮುಖದ ಡಾಕ್ಟರ ಹತ್ತಿರ ಹೋದೆವು. ಎಲಿಕಾಟ್ ಸಿಟಿಯಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಹುಡುಗಿ. ನೋಡಿದವಳೇ, "ಆಂಟಿ, ನಿಮ್ಮ ಮುಖ ತುಂಬಾ ಇಳಿದಿದೆ" ಎಂದಳು.

ಇಷ್ಟು ಅಕ್ಕರೆಯಿಂದ ಯಾರೂ ವಿಚಾರಿಸಿರಲಿಲ್ಲವಲ್ಲ! ಇವಳು ಕಣ್ಣೊರೆಸಿಕೊಳ್ಳುತ್ತಾ ತಂಗಿಯ ಪುರಾಣವನ್ನೆಲ್ಲ ಹೇಳಿಕೊಂಡಳು. ಪಾಪ, ಹುಡುಗಿ ಪೂರ್ತಿ ಕೇಳಿಸಿಕೊಂಡು, ಕೊನೆಗೆ ಕನ್ನಡಿ ಹಿಡಿದು, "ಸಾರಿ ಆಂಟಿ, ನಾನು ಹೇಳಿದ್ದು ಈ ಕೆನ್ನೆ" ಎಂದಳು.

೨. ದಾರ

ಕತ್ತಿಯಿಲ್ಲ, ಕೊಯ್ತವಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕಿವಿಯ ಹತ್ತಿರ ಸೂಜಿಯಲ್ಲಿ ದಾರ ತೂರಿಸಿದಳು. ದಾರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು. ಉತ್ತರಾಣಿ ಬೀಜ ಸೀರೆ ಅಂಚಿಗೆ ಕಚ್ಚಿಕೊಳ್ಳುವ ಹಾಗೆ ಒಳಗೇ ಕಚ್ಚಿಕೊಂಡವು. ಮೆಲ್ಲಗೆ ಎಳೆದಳು ನೋಡಿ, ನಾನು ಮದುವೆಯಾದ ಕಾಲದ ಕೆನ್ನೆ ತಾನಾಗಿ ಮೇಲೆ ಬಂತು! ಕೆಲವು ತಿಂಗಳಲ್ಲಿ ದಾರ ಕರಗಿ ಮಾಯವಾಗುತ್ತದಂತೆ. ಬದುಕೆಲ್ಲ ಇಂಜಿನಿಯರಾಗಿದ್ದ ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ.

ಎರಡು ವಾರ ಬಾಯಿ ಅಗಲಿಸಬಾರದು, ಜೋರಾಗಿ ನಗಬಾರದು ಎಂದ ಡಾಕ್ಟರ್ ನನ್ನ ಕಡೆ ತಿರುಗಿ, "ಅಂಕಲ್, ನೀವು ಜೋಕ್ ಹೇಳಬೇಡಿ" ಎಂದಳು.

ಮಲಗಿದ್ದಲ್ಲಿಂದಲೇ ಇವಳು, "ಅದರ ಭಯ ಇಲ್ಲಮ್ಮ. ಇವರ ಜೋಕಿಗೆ ನಕ್ಕು ಎಷ್ಟೋ ವರ್ಷ ಆಯ್ತು."

೩. ಬಿಗಿದದ್ದು

ಗೃಹಪ್ರವೇಶ ಆ ಎರಡು ವಾರದೊಳಗೇ ಬಂತು. ದಾರದ ವಿಷಯ ಯಾರಿಗೂ ಹೇಳಕೂಡದೆಂದು ದಾರಿಯುದ್ದಕ್ಕೂ ನನಗೆ ಆಣೆ.

ಬಾಗಿಲಲ್ಲಿ ನಾದಿನಿ ಕುಂಕುಮದ ಬಟ್ಟಲು ಹಿಡಿದು ನಗುತ್ತಾ ನಿಂತಿದ್ದಳು. ಇವಳು ನಗಲಿಲ್ಲ. ತುಟಿಯೂ ಅಲುಗಲಿಲ್ಲ. ನಾದಿನಿಯ ಕಣ್ಣು ತುಂಬಿ ಬಂತು. "ಅಕ್ಕ, ಅವತ್ತು ನಾನು ನಕ್ಕಿದ್ದು ತಪ್ಪೇ. ಅದಕ್ಕೆ ಇಷ್ಟು ದೂರ ಬಂದೂ ಮುಖ ಬಿಗಿದ್ಕೊಂಡೇ ಇರ್ತೀಯಾ?"

ನಾನು ಆಣೆಗೆ ಕಟ್ಟುಬಿದ್ದು ಚಪ್ಪಲಿ ನೋಡಿಕೊಂಡು ನಿಂತೆ. ಇವಳು ತಂಗಿಯ ಕಣ್ಣೀರು ನೋಡಿದಳು. ಆಮೇಲೆ ತುಟಿಯ ಸಂದಿಯಿಂದ ಹೇಳಿದಳು:

"ಬಿಗಿದ್ಕೊಂಡಿಲ್ಲ ಕಣೇ. ಬಿಗಿಸ್ಕೊಂಡಿದೀನಿ."

ನಾದಿನಿ ಹತ್ತಿರ ಬಂದು ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಇವಳು ಕಿವಿಯ ಹತ್ತಿರ ಬೆರಳಿಟ್ಟು, "ದಾರ" ಎಂದಳು. ಅರ್ಥವಾದದ್ದೇ ತಡ, ಅದೇ ದೀಪಾವಳಿಯ ನಗು. ಇವಳಿಗೂ ಉಕ್ಕಿತು. "ನಗಬೇಡ ಅಕ್ಕ, ದಾರ ಕಿತ್ತು ಬಂದೀತು, ನಾನು ಹಿಡ್ಕೊಂಡಿರ್ತೀನಿ" ಎಂದು ನಾದಿನಿ ಬಟ್ಟಲು ಬದಿಗಿಟ್ಟು ಎರಡೂ ಅಂಗೈಯಿಂದ ಕೆನ್ನೆ ಒತ್ತಿ ಹಿಡಿದಳು.

ಊಟಕ್ಕೆ ಕೂತಾಗ ನೋಡುತ್ತೇನೆ, ಅಷ್ಟು ನಾಜೂಕಾಗಿ ಎತ್ತಿಸಿದ ಕೆನ್ನೆಗಳ ಮೇಲೆ ತಂಗಿಯ ಹತ್ತು ಬೆರಳಿನ ಕುಂಕುಮ! ಬಂದವರೆಲ್ಲ ಅದನ್ನೇ ನೋಡಿದರು. ಯಾರು ಅಕ್ಕ, ಯಾರು ಅಮ್ಮ ಎಂದು ಕೇಳುವುದಕ್ಕೆ ಒಬ್ಬರಿಗೂ ಪುರುಸೊತ್ತಾಗಲಿಲ್ಲ.