ಬಾರದ ಬಿಲ್ಲಿನ ಲೆಕ್ಕ

ಆದ ಖರ್ಚನ್ನು ಕೂಡಿಸಲು ಒಂದು ಪೆನ್ಸಿಲ್ಲಿದ್ದರೆ ಸಾಕು. ಆಗದೆ ಹೋದ ಖರ್ಚನ್ನು ಕೂಡಿಸುವುದಿದೆಯಲ್ಲ, ಅದು ಎಂಥ ಲೆಕ್ಕದ ಮಾಸ್ತರನಿಗೂ ಬೆವರಿಳಿಸುತ್ತದೆ. ಹಾರೂಗೇರಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಕಲಿಸಿದ ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನನಗೆ ಸಕ್ಕರೆ ಕಾಯಿಲೆ. ಸುತ್ತಲೂ ಕಬ್ಬು ಬೆಳೆಯುವ ನಮ್ಮ ಸೀಮೆಯಲ್ಲಿ ಇದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. "ಸ್ವಲ್ಪ ಶುಗರ್ ಐತ್ರಿ" ಎಂದು, ಸ್ವಲ್ಪ ಹೊಲ ಐತ್ರಿ ಎನ್ನುವ ಧಾಟಿಯಲ್ಲೇ ಹೇಳುತ್ತಾರೆ. ನಾನಂತೂ ಅಷ್ಟನ್ನೂ ಹೇಳುತ್ತಿರಲಿಲ್ಲ. ಡಾಕ್ಟರರ ಬಾಗಿಲಿಗೆ ಹೋಗದಿದ್ದರೆ ರೋಗವೂ ಮನೆಗೆ ಬಾರದು ಎಂಬ ನಂಬಿಕೆಯಲ್ಲಿ ಆರಾಮಾಗಿದ್ದೆ.

ನಮ್ಮೂರ ಸರಕಾರಿ ಆಸ್ಪತ್ರೆಯ ಶಮೀಮ್ ಸಿಸ್ಟರ್ ಪ್ರತಿ ಮಂಗಳವಾರ ಶುಗರಿನವರಿಗಾಗಿ ಒಂದು ಕ್ಲಾಸು ನಡೆಸುತ್ತಾರೆ. ರೊಟ್ಟಿ ಎಣಿಸಿ ಉಣ್ಣುವುದು, ನಡೆಯುವುದು, ಶುಗರನ್ನು ಮನೆಯಲ್ಲೇ ಅಳೆದುಕೊಳ್ಳುವುದು, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು ಅಲ್ಲಿಯ ಪಾಠ. ನನ್ನ ಹೆಂಡತಿ ಶಾಂತಾ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಹಿಂದಿನ ಬೆಂಚು ಹಿಡಿದು ಕುಳಿತೆ. ಸಿಸ್ಟರ್ ಚಪ್ಪಲಿ ಬಿಚ್ಚಿಸಿ ನೋಡಿದರೆ ಬಲಗಾಲಿನ ಅಡಿಯಲ್ಲಿ ಹುಣಸೆಬೀಜದಷ್ಟು ಗಾಯ! ನೋವಿಲ್ಲ, ತುರಿಕೆಯಿಲ್ಲ, ಯಾವಾಗ ಆಯಿತೋ ಗೊತ್ತಿಲ್ಲ. "ಸರ, ಇನ್ನೊಂದ ತಿಂಗಳ ಹಿಂಗ ಬಿಟ್ಟಿದ್ರ ಕಾಲ ತಗಸೋದ ಬರ್ತಿತ್ರಿ" ಎಂದರು ಸಿಸ್ಟರ್. ಅಂದು ಮನೆಗೆ ಬಂದು ಊಟ ಸೇರಲಿಲ್ಲ, ನಿಜವಾಗಿ ಹೆದರಿದ್ದೆ. ಮುಂದೆ ದಿನಾ ಪಟ್ಟಿ ಕಟ್ಟಿಸಿಕೊಂಡು, ಮೆತ್ತನೆಯ ಚಪ್ಪಲಿ ಹಾಕಿ, ಹೇಳಿದ್ದನ್ನೆಲ್ಲ ಕೇಳಿ, ಅಂತೂ ಗಾಯ ಮಾಯ್ದುಹೋಯಿತು.

ಅಷ್ಟರಲ್ಲಿ ಆಸ್ಪತ್ರೆಗೆ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಈ ಕ್ಲಾಸಿನಿಂದ ಜನರಿಗೆ ಎಷ್ಟು ಉಳಿತಾಯವಾಗಿದೆ ಎಂದು ತೋರಿಸಬೇಕು, ಇಲ್ಲದಿದ್ದರೆ ಕ್ಲಾಸು ಬಂದ್. "ನೀವ ಲೆಕ್ಕದಾವ್ರ ಅದೀರಿ ಸರ, ನೀವ ಬರದ ಕೊಡ್ರಿ" ಎಂದರು ಸಿಸ್ಟರ್. ನಾನು ಉಬ್ಬಿಹೋದೆ. ಮೊದಲಿನ ಖರ್ಚಿನಲ್ಲಿ ಈಗಿನದನ್ನು ಕಳೆದರಾಯಿತು, ಐದನೆಯ ಈಯತ್ತೆಯ ಲೆಕ್ಕ!

ಆದರೆ ನಮ್ಮವರ ಮೊದಲಿನ ಖರ್ಚು ಎಂದರೆ ಗಡಿಯಾಚೆಯ ಮಿರಜಿನ ದೊಡ್ಡ ಡಾಕ್ಟರರಿಗೆ ತೋರಿಸಿಕೊಂಡು ಬಂದ ಖರ್ಚು. ಕುಡಚಿಯಲ್ಲಿ ರೈಲು ಹತ್ತಿ, ಕೃಷ್ಣೆ ದಾಟಿ ಮಿರಜಿಗೆ ಹೋಗದಿದ್ದರೆ ನಮ್ಮ ಕಡೆ ಯಾವ ರೋಗಕ್ಕೂ ಮರ್ಯಾದೆಯಿಲ್ಲ. ಡಾಕ್ಟರರ ಬಳಿ ಐದು ನಿಮಿಷ, ಪೇಟೆಯಲ್ಲಿ ನಾಲ್ಕು ತಾಸು. ನಮ್ಮ ಕ್ಲಾಸಿಗೇ ಬರುವ, ಕಬ್ಬಿನ ಹೊಲದ ಯಜಮಾನ ಅಪ್ಪಾಸಾಹೇಬ ಚೌಗುಲೆ ಕೊಟ್ಟ ಖರ್ಚಿನ ಚೀಟಿಯಲ್ಲಿ ಗುಳಿಗೆ, ರೈಲು ತಿಕೀಟು, ಸೀರೆ, ಸ್ಟೀಲಿನ ಡಬ್ಬಿ, ಶುಗರ್ ಇಳಿದ ಖುಷಿಗೆ ಪೇಡೆ ಎಲ್ಲವೂ ಇದ್ದವು.

"ಸೀರಿ ಯಾಕ ಬಂತ್ರಿ ಇದರಾಗ?" ಎಂದು ಕೇಳಿದೆ.

"ಸೀರಿ ಇಲ್ಲಂದ್ರ ನಮ್ಮಾಕಿ ಜೋಡಿ ಬರಾಂಗಿಲ್ರಿ. ಆಕಿ ಬರಲಿಲ್ಲಂದ್ರ ನಾ ಡಾಕ್ಟರ್ ಕಡೆ ಹೋಗಾಂವಲ್ಲ. ಅಂದಮ್ಯಾಲ ಅದೂ ಔಷಧದ ಖರ್ಚ ಆತಿಲ್ರಿ?"

ವಾದದಲ್ಲಿ ತಪ್ಪು ಸಿಗಲಿಲ್ಲ. ಉಳಿದವರದೂ ಇದೇ ಕಥೆ. ಸೀರೆಯನ್ನು ಲೆಕ್ಕಕ್ಕೆ ಹಿಡಿದರೆ ಉಳಿತಾಯ ಭರ್ಜರಿ, ಬಿಟ್ಟರೆ ಜುಜುಬಿ. ಮನಸ್ಸು ಕಲ್ಲು ಮಾಡಿಕೊಂಡು ಅಷ್ಟೂ ಸೀರೆಗಳ ಮೇಲೆ ಗೀಟೆಳೆದೆ. ಕೊನೆಗೆ ನನ್ನ ಸಾಲು ಬಂತು. ಮೊದಲಿನ ಖರ್ಚು ಸೊನ್ನೆ, ಏಕೆಂದರೆ ನಾನು ಡಾಕ್ಟರರ ಮುಖವನ್ನೇ ನೋಡಿರಲಿಲ್ಲ. ಈಗ ಚಪ್ಪಲಿ, ಶುಗರ್ ಅಳೆಯುವ ಮಷೀನು, ಅದಕ್ಕೆ ಹಾಕುವ ಸ್ಟ್ರಿಪ್ಪು, ಗುಳಿಗೆ. ಇಡೀ ಕ್ಲಾಸಿನಲ್ಲಿ ಲುಕ್ಸಾನಿನಲ್ಲಿದ್ದವನು ನಾನೊಬ್ಬನೇ! ನನ್ನ ಹೆಸರನ್ನೇ ಬಿಟ್ಟುಬಿಡೋಣವೇ ಅನ್ನಿಸಿತು.

"ಕಾಲ ತಗಸಿದ್ರ ಎಷ್ಟ ಆಗ್ತಿತ್ತು, ಅದನ್ನ ಹಿಡೀರಲ್ಲಾ" ಎಂದಳು ಶಾಂತಾ, ಒಲೆಯ ಮುಂದಿನಿಂದಲೇ. ಹೌದಲ್ಲ! ಆದರೆ ಹೇಗೆ ಹಿಡಿಯುವುದು? ಖಂಡಿತ ಹೋಗುತ್ತಿತ್ತೋ, ಹೋದರೂ ಹೋಗುತ್ತಿತ್ತೋ? ಹೋಗುವುದಾದರೆ ಬೆರಳಷ್ಟೋ, ಮೊಣಕಾಲಿನ ತನಕವೋ? ನನ್ನ ಕಾಲಿಗೆ ನಾನೇ ದರ ಕಟ್ಟುತ್ತ ಕುಳಿತೆ, ಒಂದು ಅಂಕಿಯೂ ಹೊಂದಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಆ ಕಾಲನ್ನೊಮ್ಮೆ ಸವರಿಕೊಂಡೆ. ಆಮೇಲೆ ಲುಕ್ಸಾನನ್ನು ಇದ್ದ ಹಾಗೆಯೇ ಬರೆದು, ಷರಾದ ಕಾಲಮ್ಮಿನಲ್ಲಿ "ಕಾಲು ಇದೆ" ಎಂದು ಸೇರಿಸಿದೆ.

ಲೆಕ್ಕ ನೋಡಲು ಮೇಲಿನ ಕಚೇರಿಯ ಸಾಹೇಬರು ಬಂದ ದಿನ ಅವರ ಬೆರಳು ಸರಿಯಾಗಿ ಆ ಸಾಲಿಗೇ ಬಂದು ನಿಂತಿತು. "ಏನ್ರಿ ಇದು, ಕಾಲು ಇದೆ ಅಂದ್ರ?" ನಾನು ಚಪ್ಪಲಿ ಬಿಚ್ಚಿ ಅಂಗಾಲಿನ ಕಲೆಯನ್ನು ತೋರಿಸಿದೆ.

"ನೋವ ಆಗ್ತಿದ್ದಿಲ್ಲೇನ್ರಿ?"

"ಏನೂ ಗೊತ್ತಾಗಿದ್ದಿಲ್ರಿ ಸಾಹೇಬ್ರ."

ಸಾಹೇಬರು ತಮ್ಮ ಬೂಟುಗಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು ಲೇಸು ಬಿಚ್ಚತೊಡಗಿದರು. "ಸಿಸ್ಟರ್, ನಂದೂ ಒಂಚೂರ ನೋಡ್ರಿ. ನನಗೂ ಸ್ವಲ್ಪ ಐತಿ." ಶಮೀಮ್ ಸಿಸ್ಟರ್ ಕನ್ನಡಿ ಹಿಡಿದು, ಬೆರಳು ಬೆರಳಿನ ಸಂದು ನೋಡಿ, "ಚಲೋ ಅದಾವ್ರಿ" ಎಂದಾಗ ಸಾಹೇಬರ ಜೊತೆಗೆ ನಾವೆಲ್ಲರೂ ಉಸಿರು ಬಿಟ್ಟೆವು. ಅವರು ಕಾಲುಚೀಲ ಏರಿಸಿಕೊಂಡು, ಕ್ಲಾಸು ಮುಂದುವರಿಯಲಿ ಎಂದು ಬರೆದು ಸಹಿ ಹಾಕಿದರು. ಮೊತ್ತವನ್ನು ಅವರು ನೋಡಲೇ ಇಲ್ಲ.

ಎದೆ ಹಗುರಾಗಿ ಮನೆಗೆ ಬಂದು, ಪಲ್ಲಂಗದ ಮೇಲೆ ಕಾಲು ಚಾಚಿ, ಶಾಂತಾಳಿಗೆ ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಆಮೇಲೆ ಅವಳು ಜೋಳದ ಡಬ್ಬಿಯನ್ನು ತಂದು ನನ್ನ ಮುಂದಿಟ್ಟು, "ಹಂಗಾರ ಏಳ್ರಿ, ಗಿರಣಿಗೆ ಹೋಗಿ ಬೀಸಿಕೊಂಡ ಬರ್ರಿ" ಎಂದಳು. ಇಷ್ಟು ವರ್ಷ ಈ ಕೆಲಸಕ್ಕೆ ಕಾಲುನೋವು ಎಂದು ಹೇಳಿ ತಪ್ಪಿಸಿಕೊಂಡು ಬಂದವನು ನಾನು. ಈಗ ಸರಕಾರಿ ಕಾಗದದಲ್ಲಿ ಕಾಲು ಇದೆ ಎಂದು ನನ್ನ ಕೈಯಾರೆ ಬರೆದುಕೊಟ್ಟಿದ್ದೇನೆ. ಡಬ್ಬಿ ಹೆಗಲ ಮೇಲೆ ಇಟ್ಟುಕೊಂಡು ಹೊರಟೆ.