ನೀರು ಹೌದೆಂದ ದಿನ

ನಮ್ಮ ಅತ್ತೆಯ ಮನೆಗೆ ಊಟಕ್ಕೆ ಹೋಗುವ ಧೈರ್ಯ ನನ್ನನ್ನು ಬಿಟ್ಟರೆ ನೆಂಟರಲ್ಲಿ ಇನ್ನಾರಿಗೂ ಇಲ್ಲ! ಅಡುಗೆ ಕೆಟ್ಟದ್ದು ಅಂದುಕೊಂಡಿರಾ? ಛೇ, ಆಕೆಯ ಎಣ್ಣೆಗಾಯಿ ಬದನೆಕಾಯಿಗಾಗಿ ನಾನು ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತೇನೆ. ಹೆದರಿಕೆಯೆಲ್ಲ ಊಟವಾದ ಮೇಲಿನದು. ಆಕೆ ಎರಡು ಬಟ್ಟಲಲ್ಲಿ ಪಲ್ಯ ಬಡಿಸುತ್ತಾಳೆ. ಒಂದಕ್ಕೆ ಬೇಕಂತಲೇ ಉಪ್ಪು ಹಾಕಿರುವುದಿಲ್ಲ. ಆಮೇಲೆ "ಹೆಂಗಾಗೇತ್ರಿ?" ಅನ್ನುತ್ತಾಳೆ. ಮರ್ಯಾದಸ್ಥರು "ಎರಡೂ ಭಾಳ ಚಲೋ ಆಗ್ಯಾವ್ರಿ" ಅನ್ನುತ್ತಾರೆ. ಮುಗಿಯಿತು! ಅವರ ಮಾತನ್ನು ಅತ್ತೆ ಮತ್ತೆ ಜನ್ಮದಲ್ಲಿ ನಂಬುವುದಿಲ್ಲ. ನನ್ನ ಬೀಗರಿಬ್ಬರೂ ಈ ಪರೀಕ್ಷೆಯಲ್ಲಿ ಫೇಲಾದವರೇ.

ಅತ್ತೆ ಅಂದರೆ ನಮ್ಮಪ್ಪನ ತಂಗಿ, ಸಿಂದಗಿಯ ಒಂದು ಆಸ್ಪತ್ರೆಯ ಲ್ಯಾಬಿಗೆ ಮುಖ್ಯಸ್ಥೆ. ಈಕೆ ಇದ್ದಕ್ಕಿದ್ದಂತೆ, ಥಲಸ್ಸೇಮಿಯಾದ ಜೀನ್ ಪರೀಕ್ಷೆಯನ್ನು ನಮ್ಮೂರಲ್ಲೇ ಶುರು ಮಾಡುತ್ತೇನೆ ಎಂದು ಸೊಂಟ ಕಟ್ಟಿ ನಿಂತಳು. ಈ ರೋಗವಿರುವ ಮಕ್ಕಳಿಗೆ ತಿಂಗಳು ತಿಂಗಳೂ ಬೇರೆಯವರ ರಕ್ತ ಏರಿಸಬೇಕು. ಗಂಡ ಹೆಂಡತಿ ಇಬ್ಬರಲ್ಲೂ ಆ ಕೆಟ್ಟ ಜೀನು ಇದ್ದರೆ ಮಾತ್ರ ಮಗುವಿಗೆ ರೋಗ ಬರುವ ಭಯ. ಒಬ್ಬರಲ್ಲೇ ಇದ್ದರೆ ಆ ಭಯವಿಲ್ಲ. ನಮ್ಮ ಕಡೆಯೋ, ಸೋದರಮಾವನ ಮಗ ಮನೆಯಲ್ಲಿರುವಾಗ ಹೊರಗೆ ವರ ಹುಡುಕಿದರೆ ಜಗಳವೇ ಆಗುತ್ತದೆ! ಅತ್ತೆಯೂ ಸೋದರಮಾವನ ಮಗನನ್ನೇ ಮದುವೆಯಾದವಳು. ಅವರ ಒಬ್ಬನೇ ಮಗ ಬಸು ನನ್ನ ಓರಗೆಯವನು. ಇದೇ ರೋಗದಿಂದ ಆರನೇ ವಯಸ್ಸಿಗೆ ಹೋಗಿಬಿಟ್ಟ.

ಆಸ್ಪತ್ರೆಯ ದೊಡ್ಡ ಡಾಕ್ಟರು ಮೊದಲು ಒಪ್ಪಲಿಲ್ಲ. "ರಕ್ತಾ ಹೊರಗ ಕಳಿಸಿದ್ರ ಆತಲ್ಲ, ಮೇಡಂ?" ಎಂದರು.

"ಕಳಿಸಿದ್ದು ಬರೂದ್ರಾಗ ಲಗ್ನಾ ಮುಗದು, ಬಸರಿ ಕುಬಸಾನೂ ಆಗಿರ್ತೈತ್ರಿ!" ಎಂದಳು ಅತ್ತೆ. ಡಾಕ್ಟರು ಯಂತ್ರ ತರಿಸಿದರು.

ಯಂತ್ರ ಬಂದ ಕೂಡಲೇ ಪರೀಕ್ಷೆ ಶುರು ಅಂದುಕೊಂಡಿರಾ? ಎಲ್ಲಿಯದು! ಪರೀಕ್ಷೆಯನ್ನೇ ಮೊದಲು ಪರೀಕ್ಷೆ ಮಾಡಬೇಕಂತೆ. ಅತ್ತೆ ತಿಂಗಳುಗಟ್ಟಲೆ ನೆಂಟರ ರಕ್ತದ ಹಿಂದೆ ಬಿದ್ದಳು. ಇಂಡಿ ಊರಿನ ಲಿಂಬೆ ತೋಟದ ಕಾಕಾನಿಂದ ಹಿಡಿದು ಬಾಗೇವಾಡಿಯ ಬೀಗರವರೆಗೆ ಎಲ್ಲರನ್ನೂ ಒಪ್ಪಿಸಿ ರಕ್ತ ತೆಗೆದಳು. ಮದುವೆಯ ಮನೆಯಲ್ಲಿ ಆಕೆ ಬ್ಯಾಗಿಗೆ ಕೈ ಹಾಕಿದರೆ ಜನ ಉಡುಗೊರೆ ಅಂದುಕೊಳ್ಳುವುದನ್ನು ಬಿಟ್ಟು ರಟ್ಟೆ ಮುಚ್ಚಿಕೊಳ್ಳುತ್ತಿದ್ದರು! ಅದೇ ರಕ್ತವನ್ನು ಹೆಸರಿಲ್ಲದೆ, ಬರೀ ನಂಬರು ಹಾಕಿ ದೂರದ ದೊಡ್ಡ ಲ್ಯಾಬಿಗೂ ಕಳಿಸಿ, ಎರಡೂ ಕಡೆಯ ಉತ್ತರ ತಾಳೆ ನೋಡುತ್ತಿದ್ದಳು. ನನ್ನ ರಕ್ತವನ್ನಂತೂ ಮೂರು ಬೇರೆ ಬೇರೆ ನಂಬರಿನಲ್ಲಿ ಇಟ್ಟಿದ್ದಳು.

"ನನ್ನ ಮ್ಯಾಗ ಅಷ್ಟೂ ನಂಬಿಗಿ ಇಲ್ಲೇನ ಅತ್ತಿ?" ಎಂದೆ.

"ಮೂರು ಸಲ ಕೇಳಿದ್ರ ಮೂರೂ ಸಲ ಒಂದ ಉತ್ತರ ಬರಬೇಕು, ಅಳಿಯಾ. ನೀ ಅಂತೂ ಕೊಡೂದಿಲ್ಲ, ನಿನ್ನ ರಕ್ತರ ಕೊಡ್ಲಿ!"

ಕೊಟ್ಟಿತು, ಮೂರೂ ಸಲ ಒಂದೇ ಉತ್ತರ. ನನ್ನ ಹೆಂಡತಿ ಇವತ್ತಿಗೂ ನಂಬಿಲ್ಲ.

ಇನ್ನು ಲ್ಯಾಬಿನ ಮಡಿ! ಇದಕ್ಕೆ ಮೂರು ಕೋಣೆ. ಮೊದಲನೆಯದರಲ್ಲಿ ಔಷಧಿ ಕಲಸುವುದು, ಎರಡನೆಯದರಲ್ಲಿ ರಕ್ತ ಸೇರಿಸುವುದು. ಮೂರನೆಯದರಲ್ಲಿ ಯಂತ್ರ ಕುಳಿತು ಆ ಜೀನಿನ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡುತ್ತದೆ. ಆ ನಕಲಿನ ಒಂದು ಕಣ ಹಿಂದಕ್ಕೆ ಬಂದು ಮೊದಲ ಕೋಣೆ ಸೇರಿದರೂ ಎಲ್ಲ ಹೊಲಸೆದ್ದು ಹೋಗುತ್ತದೆ. ಹಾಗಾಗಿ ಒಂದೊಂದು ಕೋಣೆಗೆ ಒಂದೊಂದು ಬಣ್ಣದ ಚಪ್ಪಲಿ. ಮೂರನೇ ಕೋಣೆ ಹೊಕ್ಕವರು ಅವತ್ತು ಮೊದಲನೆಯದಕ್ಕೆ ಕಾಲಿಡುವಂತಿಲ್ಲ. ದೊಡ್ಡ ಡಾಕ್ಟರು ಒಮ್ಮೆ ಯಂತ್ರ ನೋಡಿ ಖುಷಿಯಾಗಿ, ಅದೇ ಖುಷಿಯಲ್ಲಿ ಮೊದಲ ಕೋಣೆಯ ಬಾಗಿಲಿಗೆ ಬಂದರು. ಅತ್ತೆ ಎರಡೂ ಕೈ ಅಡ್ಡ ಹಿಡಿದು ನಿಂತಳು. "ಸಾಹೇಬ್ರ, ಮನಿಗಿ ಹೋಗಿ ಜಳಕಾ ಮಾಡಿ, ನಾಳಿ ಬರ್ರಿ!" ಸಂಬಳ ಕೊಡುವವರಿಗೆ ಸ್ನಾನ ಮಾಡಿ ಬಾ ಅನ್ನುವ ಎದೆಗಾರಿಕೆ ನಮ್ಮ ಮನೆತನದಲ್ಲಿ ಆಕೆಗೊಬ್ಬಳಿಗೇ ಇದೆ.

ಅಂತೂ ಉದ್ಘಾಟನೆಯ ದಿನ ಗೊತ್ತಾಯಿತು, ನಾನೂ ಸಿಂದಗಿಗೆ ಬಂದಿಳಿದೆ. ಮೊದಲ ರಿಪೋರ್ಟು ಮನಗೂಳಿಯ ಒಂದು ಜೋಡಿಗೆ. ಹುಡುಗಿಗೆ ಸೋದರಮಾವನ ಮಗನೇ ವರ. ವರನ ಅಕ್ಕನ ಕೂಸಿಗೆ ಈ ರೋಗವಿತ್ತು. ಆದ್ದರಿಂದ ಹುಡುಗಿ, ಪರೀಕ್ಷೆ ಆಗದೆ ಅಕ್ಷತೆ ಬೀಳಬಾರದು ಎಂದು ಹಟ ಹಿಡಿದಿದ್ದಳು. ಇಬ್ಬರಲ್ಲೂ ಆ ಜೀನು ಇದೆ ಅಂದರೆ ಮದುವೆ ಮುರಿಯುವುದೆಂದು ಹಿರಿಯರು ಹೇಳಿಯಾಗಿತ್ತು. ಈ ಕಥೆಯನ್ನು ಈಗ ಆ ಹುಡುಗಿಯೇ ಊರೆಲ್ಲ ಹೇಳುತ್ತಾಳೆ, ಹಾಗಾಗಿ ನಾನು ಹೇಳಿದರೆ ತಪ್ಪಿಲ್ಲ.

ಹೊರಗೆ ಶಾಮಿಯಾನ ಎದ್ದಿತ್ತು. ಒಳಗೆ ಅತ್ತೆ ಯಂತ್ರದ ಮುಂದೆ ಕಲ್ಲಾಗಿ ಕುಳಿತಿದ್ದಳು. ಪ್ರತಿ ಸಲವೂ ರಕ್ತದ ಟ್ಯೂಬುಗಳ ಜೊತೆ ಬರೀ ನೀರಿನ ಒಂದು ಟ್ಯೂಬು ಇಡುತ್ತಾರೆ. ನೀರಿನಲ್ಲಿ ಎಲ್ಲಿಯ ಜೀನು? ಅದು "ಇಲ್ಲ" ಅನ್ನಲೇಬೇಕು. ಅವತ್ತು ಅದು "ಹೌದು" ಅಂದಿತ್ತು! ನೀರಿಗೆ ಥಲಸ್ಸೇಮಿಯಾ!

"ಕಾರ್ಯಕ್ರಮ ಬಂದ್ ಮಾಡಸ್ರಿ," ಎಂದಳು ಅತ್ತೆ.

"ಮೇಡಂ, ಅತಿಥಿಗಳು ದಾರ್ಯಾಗ ಅದಾರ! ಒಂದು ನೀರಿನ ಟ್ಯೂಬಿಗೆ ಇಷ್ಟ್ಯಾಕ?" ಡಾಕ್ಟರು ಬೆವರಿದರು.

"ನೀರ ಹೌದು ಅಂದ ದಿನ, ಮನಷ್ಯಾರ ಹೌದಿಗಿ ಏನು ಕಿಮ್ಮತ್ತೈತ್ರಿ?"

ಹುಡುಗಿಯ ತಾಯಿ ಓಡಿ ಬಂದಳು. "ಅಕ್ಕಾರ, ಮಂಟಪ ಬುಕ್ ಆಗೇತ್ರಿ. ಏನರ ಒಂದು ಹೇಳಿಬಿಡ್ರಿ."

"ಏನರ ಒಂದು ಹೇಳವ್ರು ಬೇಕಂದ್ರ ಕವಡಿ ಹಾಕವ್ರ ಹಂತ್ಯಾಕ ಹೋಗ್ರಿ. ನಾ ಖರೆ ಒಂದ ಹೇಳಾಕಿ."

ಶಾಮಿಯಾನ ಬಿಚ್ಚಿದರು. ಇಡೀ ಸಿಂದಗಿ ನಕ್ಕಿತು. ಅತ್ತೆ ಮಾತ್ರ ಪೊಲೀಸರ ಹಾಗೆ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳತೊಡಗಿದಳು. ಎರಡನೇ ದಿನ ಕಳ್ಳ ತಾನಾಗಿಯೇ ಎದ್ದು ನಿಂತ. ಯಾರು? ನಮ್ಮ ಮಾಮಾ, ಆಕೆಯ ಗಂಡ!

"ಹೊಸಾ ಮಷೀನು. ಪೂಜಿ ಇಲ್ದ ಚಾಲೂ ಮಾಡೂದು ಹೆಂಗ ಅಂತ..." ಪಾಪ, ಆ ಬ್ಯಾಚು ಇಡುವ ಮುಂಜಾನೆ, ಅತ್ತೆ ಬರುವ ಮೊದಲೇ ಕಾವಲುಗಾರನಿಂದ ಕೀಲಿ ಇಸಿದುಕೊಂಡು ಹೋಗಿದ್ದಾರೆ. ಮೂರನೇ ಕೋಣೆಯ ಟೇಬಲನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಯಂತ್ರಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿದ್ದಾರೆ. ಆಮೇಲೆ ಅದೇ ಟವೆಲಿನಿಂದ ಮೊದಲ ಕೋಣೆಯ ಟೇಬಲನ್ನೂ ಭಕ್ತಿಯಿಂದ ಒರೆಸಿದ್ದಾರೆ!

ಸಿಡಿಲು ಬೀಳುತ್ತದೆಂದು ನಾವೆಲ್ಲ ಬಾಗಿಲ ಕಡೆ ಸರಿದೆವು. ಅತ್ತೆ ಕೇಳಿದ್ದು ಒಂದೇ: "ಯಾವ ಬಣ್ಣದ ಚಪ್ಪಲ್ ಹಾಕ್ಕೊಂಡಿದ್ರಿ?"

"ದೇವರ ಕೆಲಸ ಅಲ್ಲೇನ, ಬರಿಗಾಲಿಲೆ ಹೋಗಿದ್ನೆ."

ಅತ್ತೆ ಹಣೆ ಹಣೆ ಬಡಿದುಕೊಂಡಳು. ಔಷಧಿಯೆಲ್ಲ ಚೆಲ್ಲಿ ಹೊಸದು ತರಿಸಿದಳು. ಗೋಡೆ, ನೆಲ, ಟೇಬಲು ಎಲ್ಲ ಬ್ಲೀಚಿಂಗ್ ನೀರಿನಿಂದ ತೊಳೆಸಿದಳು. ಬಕೆಟ್ ಹೊತ್ತವರು ಮಾಮಾನೇ. ಕೊನೆಗೆ ತೀರ್ಪು ಕೊಟ್ಟಳು: "ಪೂಜಿ ಬ್ಯಾಡ ಅನ್ನೂದಿಲ್ರಿ. ಒಂದನೇ ಖೋಲ್ಯಾಗ ಸುರು ಮಾಡಿ, ಮೂರನೇದ್ರಾಗ ಮಂಗಳಾರತಿ ಮುಗಸ್ರಿ. ಹೊಳ್ಳಿ ಬರಬ್ಯಾಡ್ರಿ!"

ಮತ್ತೆ ಹೊಸ ರಕ್ತ, ಹೊಸ ಬ್ಯಾಚು. ಈ ಸಲ ನೀರು ನೀರಾಗಿಯೇ ಇತ್ತು. ಅತ್ತೆ ಜೋಡಿಯನ್ನು ಕೂಡಿಸಿಕೊಂಡು ಹೇಳಿದಳು. ಹುಡುಗನಿಗೆ "ಹೌದು", ಹುಡುಗಿಗೆ "ಇಲ್ಲ". ಮದುವೆಗೆ ಅಡ್ಡಿಯಿಲ್ಲ! ತಾಯಿ ಸೆರಗು ಬಾಯಿಗೊತ್ತಿ ಅತ್ತಳು. ನೀರು ಕೆಟ್ಟ ದಿನ ಆ ಹುಡುಗಿಯ ಟ್ಯೂಬೂ "ಹೌದು" ಅಂದಿತ್ತು ಎಂಬುದನ್ನು ಅತ್ತೆ ಆಗಷ್ಟೇ ಹೇಳಿದಳು. ಅವತ್ತು ಶಾಮಿಯಾನದ ಮುಲಾಜಿಗೆ ಬಿದ್ದು ರಿಪೋರ್ಟು ಕೊಟ್ಟಿದ್ದರೆ? ಊರು ನಕ್ಕರೂ ಜಗ್ಗದ ಈಕೆ ನನ್ನ ಅತ್ತೆ ಎಂದು ಕೂಗಿ ಹೇಳಬೇಕೆನಿಸಿತು.

ಹುಡುಗಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಅಕ್ಕಾರ, ಈ 'ಇಲ್ಲ' ಖರೆ ಅಂತ ಹೆಂಗ ನಂಬೂದ್ರಿ? ಔಷಧಾನ ಕೆಲಸಾ ಮಾಡಲಾರದ ಇಲ್ಲ ಅಂದಿದ್ರ?"

ಅತ್ತೆಯ ಮುಖ ಅರಳಿತು. "ಶಾಣ್ಯಾಕಿ ಅದಿ! ಅದಕ್ಕ ಪ್ರತಿ ಸಲ ಹೌದು ಅನ್ನೂದು ಗೊತ್ತಿದ್ದ ಒಂದು ರಕ್ತಾ ನಿಮ್ಮ ರಕ್ತದ ಜೋಡಿ ಇಟ್ಟಿರ್ತೇವಿ. ಅದು ಹೌದು ಅಂದ್ರನ ಉಳದವರ 'ಇಲ್ಲ' ಖರೆ. ಇವತ್ತು ಅಂದೈತಿ."

"ಅದು ಯಾರ ರಕ್ತರಿ?"

"ನಂದ ಯವ್ವಾ," ಎಂದಳು ಅತ್ತೆ, ಹುಡುಗಿಯ ತಲೆ ಸವರುತ್ತ. "ಬಸೂನ ಅವ್ವಂದು."