ಮೊದಲ ‘ಬೇಡ’ವನ್ನೇ ನಂಬಿದ ಹಲಗೆ ಯಂತ್ರಕ್ಕೆ

ಕೇವಾನರ ಅಂಗಡಿಯ ಬಾಗಿಲಲ್ಲಿ ವಿರಾಜಮಾನರಾಗಿರುವ, ಗಾಜಿನ ಮುಖದ, ಮಾನ್ಯ ಯಂತ್ರ ಮಹಾಶಯರೇ,

ಈಗ ಗುರುವಾರ ಸಂಜೆ ನಾಲ್ಕೂಮುಕ್ಕಾಲು. ಬೆಳಿಗ್ಗೆ ಚಾವಣಿಯ ಹಿಮ ಕೆಡವಿದೆ, ಹಲ್ವಾಕ್ಕೆ ಹಿಟ್ಟು ತಂದೆ, ಮಧ್ಯಾಹ್ನ ತಮ್ಮ ಸನ್ನಿಧಿಯಲ್ಲಿ ಐವತ್ತು ನಿಮಿಷ ನಿಂತೆ. ದಿನಚರಿಯಲ್ಲಿ ಇಷ್ಟೇ ಬರೆದು ಮುಚ್ಚುವವನಿದ್ದೆ. ತಮ್ಮ ಉಪಕಾರ ಎರಡು ಸಾಲಿಗೆ ಹಿಡಿಸಲಿಲ್ಲವಾದ್ದರಿಂದ ಈ ಪತ್ರ. ಇದನ್ನು ತಮ್ಮ ಪಕ್ಕದ ಗೋಡೆಗೇ ಅಂಟಿಸುತ್ತೇನೆ. ಸಾಲಿನಲ್ಲಿ ನಿಂತವರೂ ಓದಿಕೊಳ್ಳಲಿ.

ತಾವು ಈಗ ನಿಂತಿರುವ ಜಾಗದಲ್ಲಿ ಹತ್ತೊಂಬತ್ತು ಚಳಿಗಾಲ ನನ್ನ ಹೆಂಡತಿ ತೂಬಾ ನಿಂತಿದ್ದಳು. ಸ್ನೋಬೋರ್ಡ್ ಬಾಡಿಗೆಗೆ ಬಂದವರಿಗೆ ಯಾವ ಹಲಗೆ ಹೊಂದುತ್ತದೆ ಎಂದು ಹೇಳುವುದು ಅವಳ ಕೆಲಸ. ತಮ್ಮಂತೆ ಹನ್ನೊಂದು ಪ್ರಶ್ನೆ ಕೇಳುವಷ್ಟು ವಿದ್ಯೆ ಅವಳಿಗಿರಲಿಲ್ಲ. ಬಂದವರನ್ನು ಕಿಟಕಿಯತ್ತ ತಿರುಗಿಸಿ, ಹಿಂದಿನಿಂದ ಬೆನ್ನಿಗೆ ಮೆಲ್ಲಗೆ ಒಂದು ನೂಕು ಕೊಡುತ್ತಿದ್ದಳು. ಗಂಡಸರಾದರೆ ಮರ್ಯಾದೆಗಾಗಿ ಪೊರಕೆಯ ಹಿಡಿಯಿಂದ. ಯಾವ ಕಾಲು ಮೊದಲು ಮುಂದೆ ಬಂತೋ ಅದೇ ಹಲಗೆಯ ಮೇಲೂ ಮುಂದಿನ ಕಾಲು. ಆಮೇಲೆ ಒಂದೇ ಪ್ರಶ್ನೆ: “ಬಿದ್ರೆ ನಗ್ತೀಯೋ, ಬೈತೀಯೋ?” ನಗುವವರಿಗೆ ಚೆನ್ನಾಗಿ ಬಳುಕುವ ಗಿಡ್ಡ ಹಲಗೆ. ಬೈಯುವವರಿಗೂ ಅದೇ. “ನಿನ್ನ ಬಾಯೇ ಸಾಕಷ್ಟು ಗಡುಸಾಗಿದೆ ತಮ್ಮಾ, ಹಲಗೆನಾದ್ರೂ ಮೆತ್ತಗಿರ್ಲಿ.” ಇಂಥ ಹಳೆಯ ಪದ್ಧತಿಯಿಂದ ನಮ್ಮ ಬೆಟ್ಟವನ್ನು ಬಿಡುಗಡೆ ಮಾಡಿದ್ದಕ್ಕೆ ಮೊದಲು ವಂದನೆಗಳು.

ನಾಳೆಗೆ ತೂಬಾ ತೀರಿಕೊಂಡು ನಲವತ್ತನೆಯ ದಿನ. ಜನ ಸಮಾಧಿಯ ಬಳಿ ಸೇರುವ ಮೊದಲು, ತಾಯಿ ಬಳಸುತ್ತಿದ್ದ ಹಲಗೆಯ ಮೇಲೆ ಮೇಲಿನ ಇಳಿಜಾರಿನಿಂದ ಒಮ್ಮೆ ಇಳಿಯಬೇಕೆಂದು ನಮ್ಮ ಮಗಳು ನಸ್ತರನ್ ಆಸೆಪಟ್ಟಳು. ನಲವತ್ತೊಂದನೇ ನಂಬರಿನ ಕೆಂಪು ಹಲಗೆ, ಮೂತಿಯಲ್ಲಿ ಕಲ್ಲಿನ ಗಾಯ. ಅದು ಅಂಗಡಿಯದು. ಅವಳು ನಾಳೆ ಹಂಚುವ ಹಲ್ವಾಕ್ಕೆ ಹಿಟ್ಟು ಹುರಿಯುತ್ತಿದ್ದಳು, ನಾನು ಬಂದೆ. ಕೇವಾನರು ಕೈಚೆಲ್ಲಿದರು: “ಇರಜ್ ಸಾಹೇಬ್ರೇ, ನಿಮ್ಮಾಣೆ, ಹಲಗೆಗಳ ಬೀಗ ಈ ಯಂತ್ರ ಹೇಳಿದ್ರೇನೇ ತೆಗೆಯೋದು. ನನಗೊಂದು ಹಲಗೆ ಬೇಕಂದ್ರೂ ನಾನೂ ಅದನ್ನೇ ಕೇಳ್ಬೇಕು.”

ಕೇಳಿದೆ. ತಾವು ಮಗಳ ಎತ್ತರ, ತೂಕ, ಬೂಟಿನ ಅಳತೆ ವಿಚಾರಿಸಿದಿರಿ; ತಾಯಿ ಮಗಳದು ಒಂದೇ ಅಳತೆ, ಮೂವತ್ತೇಳು. ಆಮೇಲೆ ಅವಳು ಓಡಿಸುವ ರೀತಿ ಹೇಗೆ ಎಂದಿರಿ. ಯಾವ ತಂದೆ ತನ್ನ ಮಗಳು ಸಾಧಾರಣ ಎಂದು ಒತ್ತುತ್ತಾನೆ? ‘ಅತಿ ನಿಪುಣ’ ಎಂದು ಒತ್ತಿದೆ. ಗಟ್ಟಿ ಹಿಮವೋ, ಪುಡಿ ಹಿಮವೋ, ನೆಗೆಯುವ ದಿಬ್ಬಗಳೋ ಎಂದಿರಿ. ಯಾವುದಕ್ಕೂ ಅವಮಾನವಾಗದಿರಲೆಂದು ಮೂರನ್ನೂ ಒತ್ತಿದೆ. ತಾವು ಬಾಗಿಲಿನ ಹಲಗೆಯಷ್ಟು ಗಡುಸಾದ, ಅವಳಿಗಿಂತ ನಾಲ್ಕೇ ಬೆರಳು ಗಿಡ್ಡದಾದ ಒಂದು ಹಲಗೆಯನ್ನು ಆರಿಸಿದಿರಿ. ಅದನ್ನು ಕಟ್ಟಿಕೊಂಡರೆ ಮಗಳು ಇಳಿಯುತ್ತಿದ್ದದ್ದು ತಾಯಿಯ ಸಮಾಧಿಯ ಪಕ್ಕಕ್ಕೇ.

ಆಗ ತೂಬಾಳ ವಿವರ ಕೊಟ್ಟೆ. ಅದು ನನಗೆ ಬಾಯಿಪಾಠ. ವೇಗ ಇಷ್ಟವಿಲ್ಲ. ಮರಗಳ ನಡುವೆ ಹೋಗುವುದಿಲ್ಲ. ಬಿಸಿಲು ಬಿದ್ದ ಮೆತ್ತನೆಯ ಇಳಿಜಾರು ಸಾಕು. ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದಿರಿ. ಆರು ದಿನ ಎಂದೆ. ತಕ್ಷಣ ತಮ್ಮ ಮುಖ ಹಸಿರಾಯಿತು: ನಂಬರ್ ನಲವತ್ತೊಂದು, ಹೊಂದಾಣಿಕೆ ನೂರಕ್ಕೆ ತೊಂಬತ್ತೇಳು. ನಮ್ಮ ಮದುವೆಗೆ ಅವಳ ಅಮ್ಮ ಅದರ ಅರ್ಧವನ್ನೂ ಕೊಟ್ಟಿರಲಿಲ್ಲ. ಕಣ್ಣು ಮಂಜಾಯಿತು.

ಆ ಗಳಿಗೆಯಲ್ಲಿ ತಾವು ಕೇಳಿದಿರಿ: ‘ಈ ಹಲಗೆ ನಿಮಗೆ ಬೇಕೇ?’ ನಾನು ‘ಬೇಡ’ ಒತ್ತಿದೆ.

ಮಾನ್ಯರೇ, ಇನ್ನೇನು ಒತ್ತಬೇಕಿತ್ತು? ಮೊದಲ ಸಲಕ್ಕೇ ಬೇಕೆನ್ನುವವನನ್ನು ನಮ್ಮೂರಿನಲ್ಲಿ ಯಾರು ಹೆತ್ತರು ಎಂದು ಕೇಳುತ್ತಾರೆ. ನೀವು ಬೇಕೇ ಎನ್ನುತ್ತೀರಿ, ನಾವು ಛೇ, ತೊಂದರೆ ಬೇಡ ಎನ್ನುತ್ತೇವೆ. ಎರಡನೆಯ ಸಲವೂ ಹಾಗೆಯೇ. ಮೂರನೆಯದಕ್ಕೆ ತಲೆ ತಗ್ಗಿಸಿ ಕೈಚಾಚುತ್ತೇವೆ. ರೊಟ್ಟಿಯವನು ಕೂಡ ದುಡ್ಡು ಬೇಡ ಎಂದೇ ಶುರುಮಾಡುತ್ತಾನೆ. ತಾವು ‘ಧನ್ಯವಾದ’ ಎಂದು, ನನ್ನ ಹಿಂದೆ ನಿಂತಿದ್ದ ತೆಹರಾನಿನ ತರುಣನಿಗೆ ಅದೇ ಹಲಗೆಯನ್ನು ನಾಳೆ ಸಂಜೆಯವರೆಗೆ ದಯಪಾಲಿಸಿದಿರಿ. ಅವನ ಪಾದ ಚಿಕ್ಕದಾಗಿರುವುದು ಅವನ ತಪ್ಪಲ್ಲ.

ಕೇವಾನರು ಹಣೆ ಚಚ್ಚಿಕೊಂಡರು: “ಅಯ್ಯೋ, ಇದರ ಹತ್ರಾನೂ ಉಪಚಾರದ ಮಾತಾಡೋಕೆ ಹೋದ್ರಾ?”

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ಇನ್ನು ಮುಂದೆ ಮೂರು ಸಲ ಕೇಳುವ ಕೃಪೆ ಮಾಡಬೇಕು. ತಂದೆಯಂದಿರು ‘ಅತಿ ನಿಪುಣ’ ಎಂದಾಗ ಅರ್ಧ ನಂಬಬೇಕು. ಬಿದ್ದರೆ ತಾವು ನಗುತ್ತೀರೋ ಬೈಯುತ್ತೀರೋ ತಿಳಿಸಬೇಕು. ಸಾಧ್ಯವಾದರೆ ಒಂದು ದಿನ ಕಿಟಕಿಯತ್ತ ತಿರುಗಿ ನಿಲ್ಲಬೇಕು. ತೂಬಾಳ ಪೊರಕೆ ನನ್ನ ಬಳಿ ಇನ್ನೂ ಇದೆ, ತಮ್ಮ ಯಾವ ಕಾಲು ಮುಂದೆ ಬರುತ್ತದೆಂದು ನೋಡುವ ಆಸೆ.

ಇನ್ನೂ ತೊಂಬತ್ತೇಳು ಪಾಲು ಹೊಂದಿಕೊಳ್ಳಲಾಗದ,
ತಮ್ಮ ವಿಶ್ವಾಸಿ,
ಇರಜ್

ತಾ.ಕ.: ಈಗ ಐದೂವರೆ. ನಡೆದದ್ದನ್ನು ಕೇಳಿದ ನಸ್ತರನ್ ಹಿಟ್ಟಿನ ಕೈ ಒರೆಸಿಕೊಂಡು ತರುಣನ ವಸತಿಗೃಹಕ್ಕೆ ಹೋದಳಂತೆ. ಅವನು ಒಳ್ಳೆಯ ಮನೆತನದವನು. ಎದೆಯ ಮೇಲೆ ಕೈಯಿಟ್ಟು, “ಏನು ಮಹಾ ಹಲಗೆ, ಮೇಡಂ, ನಿಮ್ಮದೇ ಅಂದ್ಕೊಳ್ಳಿ, ತಗೊಂಡ್ ಹೋಗಿ” ಎಂದನಂತೆ. ನಾವಾಗಿದ್ದರೆ ಛೇ, ಬೇಡ ಎಂದು ಬರಿಗೈಯಲ್ಲಿ ಬರುತ್ತಿದ್ದೆವು. ನನ್ನ ಮಗಳು ತಮ್ಮ ಶಿಷ್ಯೆ: ‘ಧನ್ಯವಾದ’ ಎಂದು ಮೊದಲ ಮಾತನ್ನೇ ನಂಬಿ, ಬಾಯಿ ತೆರೆದು ನಿಂತ ಅವನ ಕೈಯಿಂದ ಹಲಗೆ ತೆಗೆದುಕೊಂಡು ಬಂದಳು. ಅದೀಗ ಒಲೆಯ ಪಕ್ಕದ ಗೋಡೆಗೆ ಒರಗಿದೆ, ಹಿಮ ಕರಗಿ ನೆಲ ಒದ್ದೆಯಾಗುತ್ತಿದೆ. ನಾಳೆ ಮೊದಲ ಲಿಫ್ಟ್ ಎಂಟೂವರೆಗೆ.